ಮುರಿದ ಬೋಲ್ಟು, ಹಸಿದ ಹುಳು

ಕೊಳ್ಳೇಗಾಲದಿಂದ ಹನೂರಿನ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಪೇಟೆಯ ಗದ್ದಲ ಹಿಂದೆ ಸರಿಯುತ್ತದೆ. ಹಿಪ್ಪುನೇರಳೆ ತೋಟ, ಮುಸುಕಿನ ಜೋಳದ ಹೊಲ, ಅಲ್ಲಲ್ಲಿ ನಾಲ್ಕಾರು ತೆಂಗು, ಅವುಗಳ ಆಚೆಗೆ ನೀಲಿಯ ಬೆಟ್ಟಸಾಲು. ಅಮಾವಾಸ್ಯೆ ಹತ್ತಿರವಾಯಿತೆಂದರೆ ಈ ರಸ್ತೆಗೆ ಕಳೆಯೇ ಬೇರೆ. ಮಾದಪ್ಪನಿಗೆ ಉಘೇ ಎನ್ನುತ್ತಾ ಬಸ್ಸು, ಟೆಂಪೊ ತುಂಬಿ ಹೋಗುವವರು, ಹೆಗಲಿಗೆ ಗಂಟು ಹಾಕಿ ಬರಿಗಾಲಲ್ಲಿ ನಡೆಯುವವರು, ಒಂದರ ಹಿಂದೊಂದು ಬೈಕುಗಳು. ಸುಮಾರು 25 ಕಿಲೋಮೀಟರ್ ಸಾಗಿದರೆ ಹನೂರು. ಒಂದು ಕಾಲದಲ್ಲಿ ಕೊಳ್ಳೇಗಾಲ ತಾಲ್ಲೂಕಿಗೇ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕು. ಅಲ್ಲಿಂದ ಮುಂದೆ ಕೌದಳ್ಳಿ, ಆಮೇಲೆ ಕಾಡು, ತಾಳಬೆಟ್ಟ, ಸುತ್ತಿ ಸುತ್ತಿ ಏರುವ ಘಟ್ಟ, ಕೊನೆಗೆ ಮಲೆ ಮಹದೇಶ್ವರನ ಬೆಟ್ಟ.

ಈ ಸೀಮೆಯಲ್ಲಿ ಬೈಕು ಶೋಕಿಯ ವಸ್ತುವಲ್ಲ. ಬೆಳಗಾದರೆ ಅದರ ಮೇಲೆ ಹಾಲಿನ ಕ್ಯಾನು, ಮಧ್ಯಾಹ್ನ ಸೊಪ್ಪಿನ ಹೊರೆ, ಸಂಜೆ ಶಾಲೆಯಿಂದ ಬರುವ ಮಕ್ಕಳು. ರಾತ್ರಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಆಸ್ಪತ್ರೆಗೂ ಅದೇ ಗಾಡಿ. ಕೊಳ್ಳೇಗಾಲದಿಂದ ದೂರ ಹೋದಂತೆಲ್ಲ ವರ್ಕ್‌ಶಾಪುಗಳು ಕಡಿಮೆಯಾಗುತ್ತವೆ. ಹಾಗಾಗಿ ಎಷ್ಟೋ ಮನೆಗಳ ಅಂಗಳವೇ ಅರ್ಧ ಗ್ಯಾರೇಜು. ಗೋಣಿಚೀಲದ ಕೆಳಗೆ ಒಂದು ತಗಡಿನ ಡಬ್ಬ, ಅದರೊಳಗೆ ನಾಲ್ಕು ಸ್ಪ್ಯಾನರು, ಒಂದು ಸುತ್ತಿಗೆ, ಬಾಯಿ ಸವೆದ ಇಕ್ಕಳ.

ಅಂಥದೊಂದು ಅಂಗಳವನ್ನೂ ಅಲ್ಲಿನ ಒಂದು ಸಂಜೆಯನ್ನೂ ಓದುಗರು ಊಹಿಸಿಕೊಳ್ಳಬಹುದು. ಊರಿನ ಹೆಸರು ಬೇಕಿಲ್ಲ, ಈ ದಾರಿಯಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ.

ಮನೆಯ ಪಕ್ಕದ ಹುಳುಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದಿದೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ರೈತರು ಇಟ್ಟ ಹೆಸರು ಅದು. ನಾಲ್ಕನೆಯ ಜ್ವರ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನ ನೂರರಲ್ಲಿ 80 ಪಾಲಿಗೂ ಹೆಚ್ಚನ್ನು ಅದು ಈ ಕೊನೆಯ ಒಂದು ವಾರದಲ್ಲೇ ಮೇಯುತ್ತದೆ. ರಾತ್ರಿ ಹುಳುಮನೆಯ ಬಾಗಿಲಲ್ಲಿ ನಿಂತರೆ ಹೊರಗೆ ತುಂತುರು ಮಳೆ ಬಿದ್ದಂತೆ ಸದ್ದು. ಆಗ ಸೊಪ್ಪು ತಪ್ಪಿದರೆ ಗೂಡು ಸಣ್ಣದಾಗುತ್ತದೆ, ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಮಗನ ಕಾಲೇಜು ಫೀಸು, ಮಗಳ ಪುಸ್ತಕ, ಅಂಗಡಿಯ ಹಳೆ ಬಾಕಿ ಎಲ್ಲವೂ ಆ ಗೂಡಿನ ಮೇಲೆಯೇ ನಿಂತಿವೆ.

ಇದೇ ಸಂಜೆ ಬೈಕಿನ ಸೈಲೆನ್ಸರು ಸಡಿಲವಾಗಿ ಪಟಪಟನೆ ಹೊಡೆದುಕೊಳ್ಳತೊಡಗಿದೆ.

ತಾತನ ಸ್ಪ್ಯಾನರು

ಸೈಲೆನ್ಸರಿನ ಕೊಳವೆ ಎಂಜಿನ್ನಿನ ಹೆಡ್ಡಿಗೆ ಸೇರುವ ಕಡೆ ಎರಡು ಸ್ಟಡ್ಡುಗಳಿರುತ್ತವೆ. ಸ್ಟಡ್ಡು ಎಂದರೆ ತಲೆಯಿಲ್ಲದ ಬೋಲ್ಟು. ಒಂದು ತುದಿ ಹೆಡ್ಡಿನೊಳಗೆ, ಇನ್ನೊಂದು ತುದಿಗೆ ನಟ್ಟು. ಅಪ್ಪ ಮತ್ತು ಪಿಯುಸಿ ಓದುವ ಮಗ ಕೆಲಸಕ್ಕೆ ಕೂರುತ್ತಾರೆ. ನಟ್ಟು ಬಿಚ್ಚಿ, ಹೊಸ ವಾಷರು ಹಾಕಿ, ಮತ್ತೆ ಬಿಗಿದರೆ ಆಯಿತು. ಹತ್ತು ನಿಮಿಷದ ಕೆಲಸ!

ಡಬ್ಬದಲ್ಲಿರುವ ಸ್ಪ್ಯಾನರು ತಾತನ ಕಾಲದ್ದು, ಅಂಗುಲದ ಅಳತೆಯದು. ನಟ್ಟು 10 ಮಿಲಿಮೀಟರಿನದು. 7/16 ಅಂಗುಲ ಎಂದರೆ 11.1 ಮಿಲಿಮೀಟರ್. ಒಂದು ಮಿಲಿಮೀಟರಿಗೂ ಹೆಚ್ಚು ಸಡಿಲ. ಸ್ಪ್ಯಾನರು ಒಮ್ಮೆ ಜಾರುತ್ತದೆ, ಇನ್ನೊಮ್ಮೆ ಜಾರುತ್ತದೆ, ನಟ್ಟಿನ ಮೂಲೆಗಳು ದುಂಡಗಾಗುತ್ತವೆ.

ಈ ಸಣ್ಣ ಎಡವಟ್ಟಿನ ಹಿಂದೆ ದೊಡ್ಡ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಲ್ಲರಿಗೂ ಒಂದೇ ಬಗೆಯ ಥ್ರೆಡ್ ಇರಲಿ ಎಂದು ಅಳತೆಗಳನ್ನು ಸೂಚಿಸಿದ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಥ್ರೆಡ್ಡನ್ನು ಮುಂದಿಟ್ಟ. ಇಂದಿನ ಮೆಟ್ರಿಕ್ ಬೋಲ್ಟಿನ ಕೋನವೂ 60 ಡಿಗ್ರಿಯೇ. ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿದ ತೂಕ ಮತ್ತು ಅಳತೆಗಳ ಕಾಯ್ದೆ ಬಂದದ್ದು 1956ರಲ್ಲಿ. ಕೊಳ್ಳೇಗಾಲದವರಿಗೆ ಆ ವರ್ಷ ಇನ್ನೊಂದು ಕಾರಣಕ್ಕೂ ನೆನಪಿರಬೇಕು. ಅಲ್ಲಿಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಅದರ ಪಾಲಿಗೆ ಬಂತು. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು, ಅಳತೆಯೂ ಬದಲಾಯಿತು. ತಗಡಿನ ಡಬ್ಬದ ಸ್ಪ್ಯಾನರು ಮಾತ್ರ ಹಾಗೇ ಉಳಿಯಿತು.

ಪಕ್ಕದ ಮನೆಯಿಂದ ಸರಿಯಾದ 10ರ ಸ್ಪ್ಯಾನರು ಬರುತ್ತದೆ. ಅಷ್ಟರಲ್ಲಿ ಕತ್ತಲಾಗುತ್ತಿದೆ, ಹುಳುವಿಗೆ ಸೊಪ್ಪು ತರಬೇಕು. ಅವಸರಕ್ಕೆ ಮಗ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ತೂರಿಸುತ್ತಾನೆ. ನಟ್ಟು ಅಲುಗಿದಂತೆ ಕಾಣುತ್ತದೆ.

“ಬುಡ್ಲಾ ಮಗ, ಮುರುದೋಯ್ತದೆ” ಎಂದು ಅಪ್ಪ ಹೇಳಿ ಮುಗಿಸುವಷ್ಟರಲ್ಲಿ ಟಕ್ ಎಂಬ ಸದ್ದು. ನಟ್ಟು ಸ್ಪ್ಯಾನರಿನ ಜತೆಗೇ ಕೈಗೆ ಬಂದಿದೆ. ನಟ್ಟಿನೊಳಗೆ ಸ್ಟಡ್ಡಿನ ಅರ್ಧ ತುಂಡು, ಉಳಿದರ್ಧ ಹೆಡ್ಡಿನಲ್ಲಿ.

ಬೆಟ್ಟದ ದಾರಿ, ಬೋಲ್ಟಿನ ದಾರಿ

ಅಷ್ಟು ಗಟ್ಟಿ ಉಕ್ಕು ಹುಡುಗನ ಕೈಗೆ ಹೇಗೆ ಮುರಿಯಿತು? ಉತ್ತರ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ.

ತಾಳಬೆಟ್ಟದಿಂದ ಮೇಲಕ್ಕೆ ಬಸ್ಸು ನೆಟ್ಟಗೆ ಹತ್ತಲಾರದು. ಅದಕ್ಕೇ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ದೂರ ಹೆಚ್ಚು, ಏರು ಕಡಿಮೆ. ಬೋಲ್ಟಿನ ಥ್ರೆಡ್ ಕೂಡ ಉಕ್ಕಿನ ಸರಳಿಗೆ ಸುತ್ತಿದ ಘಟ್ಟದ ರಸ್ತೆಯೇ. 6 ಮಿಲಿಮೀಟರಿನ ಸಾಮಾನ್ಯ ಸ್ಟಡ್ಡಿನಲ್ಲಿ ನಟ್ಟು ಒಂದು ಪೂರ್ತಿ ಸುತ್ತು, ಅಂದರೆ ಸುಮಾರು 19 ಮಿಲಿಮೀಟರ್ ನಡೆದು, ಏರುವುದು ಒಂದೇ ಮಿಲಿಮೀಟರ್. ಈ ಇಳಿಜಾರಿನ ದೆಸೆಯಿಂದಲೇ ಸಣ್ಣ ತಿರುವಿಗೆ ದೊಡ್ಡ ಬಿಗಿತ ಸಿಗುತ್ತದೆ.

ಆದರೆ ತಿರುಗಿಸಿದ ಶಕ್ತಿಯೆಲ್ಲ ಬಿಗಿತವಾಗುವುದಿಲ್ಲ. ನೂರರಲ್ಲಿ ಸುಮಾರು 90 ಪಾಲನ್ನು ಘರ್ಷಣೆಯೇ ನುಂಗುತ್ತದೆ. ತುಕ್ಕು ಹಿಡಿದರೆ ಕತೆ ಇನ್ನೂ ಕೆಡುತ್ತದೆ. ಕಬ್ಬಿಣ ತುಕ್ಕಾದಾಗ ಊದಿಕೊಂಡು ಹೆಚ್ಚು ಜಾಗ ಕೇಳುತ್ತದೆ, ಥ್ರೆಡ್ಡಿನ ಸಂದನ್ನೆಲ್ಲ ತುಂಬಿ ಬೆಣೆ ಹೊಡೆದಂತೆ ಕೂರುತ್ತದೆ. ಎಂಜಿನ್ ಹೆಡ್ಡು ಅಲ್ಯೂಮಿನಿಯಂ, ಸ್ಟಡ್ಡು ಉಕ್ಕು. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಕೂಡ ಸವೆದು ಬಿಳಿ ಪುಡಿಯಾಗಿ ಕಚ್ಚಿಕೊಳ್ಳುತ್ತದೆ. ಮಳೆಗಾಲದ ಕೆಸರು, ಬೇಸಿಗೆಯ ಧೂಳು, ದಿನಕ್ಕೆ ಹತ್ತು ಸಲ ಕಾದು ಹತ್ತು ಸಲ ಆರುವ ಸೈಲೆನ್ಸರು... ಸ್ಟಡ್ಡು ಹೆಡ್ಡಿನ ಜತೆ ಒಂದೇ ಆಗಿಬಿಡುತ್ತದೆ.

ಇನ್ನು ಶಕ್ತಿಯ ಲೆಕ್ಕ. ಬೋಲ್ಟಿನ ತಲೆಯ ಮೇಲೆ 8.8 ಎಂದು ಕೆತ್ತಿರುವುದನ್ನು ಅನೇಕರು ನೋಡಿರಬಹುದು. ಅದು ಉಕ್ಕಿನ ದರ್ಜೆ. ಆ ದರ್ಜೆಯ 6 ಮಿಲಿಮೀಟರ್ ಬೋಲ್ಟನ್ನು ನೆಟ್ಟಗೆ ಎಳೆದು ಹರಿಯಬೇಕಾದರೆ ಒಂದೂವರೆ ಟನ್ನಿಗೂ ಹೆಚ್ಚು ಭಾರ ಬೇಕು. ಆದರೆ ತಿರುಚಿ ಮುರಿಯಲು 13 ನ್ಯೂಟನ್ ಮೀಟರ್ ಆಸುಪಾಸಿನ ತಿರುಚುಬಲ ಸಾಕು. 60 ಸೆಂಟಿಮೀಟರ್ ಉದ್ದದ ಪೈಪಿನ ತುದಿಗೆ ಎರಡು ಮೂರು ಕಿಲೋ ತೂಕ ನೇತುಹಾಕಿದಷ್ಟೇ! ಒಂದು ಸಣ್ಣ ರಾಗಿ ಚೀಲ. 10ರ ಸ್ಪ್ಯಾನರು ಗಿಡ್ಡವಾಗಿರುವುದು ಉಕ್ಕು ಉಳಿಸಲಿಕ್ಕಲ್ಲ. ಕೈ ಎಷ್ಟು ಒತ್ತಬಹುದೋ ಅಷ್ಟಕ್ಕೇ ನಿಲ್ಲಲಿ ಎಂದು ಅದರ ಉದ್ದ ಗೊತ್ತುಮಾಡಿದ್ದು. ಪೈಪು ತೂರಿಸಿದ ಕೂಡಲೇ ಆ ಕಾವಲು ತಪ್ಪಿತು.

ಕಾಯುವ ರಾತ್ರಿ

ಮುರಿದ ಮೇಲೆ ಮಾಡುವ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದುಬಾರಿ. ಹೊಸ ಸ್ಟಡ್ಡು ಸಿಗುವುದು ಚಿಲ್ಲರೆ ಕಾಸಿಗೆ. ಹೆಡ್ಡು ಕೆಟ್ಟರೆ ಸಾವಿರಗಟ್ಟಲೆ. ಗಾಬರಿಯಲ್ಲಿ ಉಳಿ ಹಿಡಿದು ಸುತ್ತಿಗೆಯಿಂದ ಬಡಿದರೆ ಮೆತ್ತನೆಯ ಅಲ್ಯೂಮಿನಿಯಂ ಚಕ್ಕೆ ಎದ್ದುಹೋಗುತ್ತದೆ.

ಹುಳುಮನೆಯ ಬಾಗಿಲಲ್ಲಿ ನಿಂತ ಅವ್ವ ಒಂದೇ ಮಾತು ಹೇಳುತ್ತಾಳೆ. “ಗಾಡಿ ಕಾಯ್ತದೆ ಕಣ್ಲಾ, ಹುಳ ಕಾಯಾಕಿಲ್ಲ.”

ಅದೇ ಸರಿಯಾದ ರಿಪೇರಿ ಸಲಹೆ. ಅಪ್ಪ ಸುತ್ತಿಗೆ ಕೆಳಗಿಡುತ್ತಾನೆ. ಹೊರಗೆ ಉಳಿದಿರುವ ಬೆರಳಗಲದ ಮೋಟಿಗೆ ತಂತಿ ಬ್ರಷ್ಷು ಹಾಕಿ ತುಕ್ಕು ಉದುರಿಸಿ, ಬುಡಕ್ಕೆ ಸ್ವಲ್ಪ ಡೀಸೆಲ್ಲು ಬಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ತಟ್ಟುತ್ತಾನೆ. ತಟ್ಟಿದಾಗ ತುಕ್ಕಿನಲ್ಲಿ ಸಣ್ಣ ಬಿರುಕು ಬಿಡುತ್ತದೆ, ಎಣ್ಣೆ ಆ ಬಿರುಕಿನಲ್ಲಿ ಇಳಿಯುತ್ತದೆ. ಅಂಗಡಿಗಳಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಸಿಗುತ್ತದೆ, ಅದೂ ಆದೀತು. ಮುಖ್ಯ ಸಾಮಗ್ರಿ ಎಣ್ಣೆಯಲ್ಲ, ಹೊತ್ತು. ರಾತ್ರಿಯಿಡೀ ಬಿಡಬೇಕು, ನಡುವೆ ಎರಡು ಮೂರು ಸಲ ಮತ್ತೆ ಹನಿಸಬೇಕು.

ಆಮೇಲೆ ಮಗ ಸೋಪು ಹಾಕಿ ಮೊಣಕೈವರೆಗೆ ಉಜ್ಜಿ ತೊಳೆಯುತ್ತಾನೆ. ಡೀಸೆಲ್ಲು, ಹೊಗೆಸೊಪ್ಪು, ಔಷಧಿಯ ವಾಸನೆ ಹುಳುವಿಗೆ ಆಗದು. ಕೈ ತೊಳೆಯದೆ ಸೊಪ್ಪು ಮುಟ್ಟಿದರೆ ಬೈಕಿನ ಜತೆಗೆ ಬೆಳೆಯೂ ಹೋದೀತು. ತಂಗಿ ಬ್ಯಾಟರಿ ಹಿಡಿಯುತ್ತಾಳೆ, ಅಪ್ಪ ಮಗ ಸೈಕಲ್ಲು ತಳ್ಳಿಕೊಂಡು ತೋಟಕ್ಕೆ ಹೋಗುತ್ತಾರೆ. ಮೂರು ಸಲ ಹೋಗಿ ಬಂದಾಗ ರಾತ್ರಿಯ ಸೊಪ್ಪಾಗುತ್ತದೆ. ಹೊರೆಯ ಭಾರಕ್ಕೆ ಹೆಗಲು ಕೆಂಪಾಗಿದೆ, ಆದರೆ ಹುಳುಮನೆಯಲ್ಲಿ ಮಳೆಯ ಸದ್ದು ನಿಂತಿಲ್ಲ.

ಯಳಂದೂರಿನ ಕಲ್ಲು ಬಳೆ

ಜಗುಲಿಯಲ್ಲಿ ಮಲಗಿದ ಹುಡುಗನಿಗೆ ನಿದ್ದೆ ಬಾರದಿದ್ದರೆ, ಶಾಲೆಯಿಂದ ಹೋಗಿದ್ದ ಯಳಂದೂರು ಪ್ರವಾಸ ನೆನಪಾಗಬಹುದು. ಕೊಳ್ಳೇಗಾಲದಿಂದ ಚಾಮರಾಜನಗರದ ಕಡೆಗೆ ಸುಮಾರು 15 ಕಿಲೋಮೀಟರ್ ಹೋದರೆ ಸುವರ್ಣಾವತಿ ಹೊಳೆಯ ದಡದ ಊರು ಅದು. ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮನ ಊರು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು. ಊರೊಳಗಿನ ಗೌರೀಶ್ವರ ದೇವಾಲಯದ ಮುಂದೆ ಬಳೆ ಮಂಟಪವಿದೆ. ಹದಿನಾಡಿನ ಪಾಳೆಯಗಾರರ ಕಾಲದ್ದು. ಅದರ ಮೂಲೆಗಳಲ್ಲಿ ಕಲ್ಲಿನ ಬಳೆಗಳು ಸರಪಳಿಯಂತೆ ಒಂದಕ್ಕೊಂದು ಕೋದುಕೊಂಡು ತೂಗುತ್ತವೆ. ಮಂಟಪಕ್ಕೆ ಆ ಹೆಸರು ಬಂದದ್ದೇ ಇವುಗಳಿಂದ. ಬೇರೆ ಬೇರೆ ಬಳೆ ಕಡೆದು ಜೋಡಿಸಿದ್ದಲ್ಲ. ಒಂದೇ ಕಲ್ಲಿನಲ್ಲಿ ಬಿಡಿಸಿದ್ದು. ಕಲ್ಲಿನಲ್ಲಿ ಬೆಸುಗೆಯಿಲ್ಲ, ಕೀಲಿಲ್ಲ.

ನೋಡಿದ ಮಕ್ಕಳೆಲ್ಲ ಬೆರಗಾಗುತ್ತಾರೆ. ಆದರೆ ಆ ಬೆರಗಿನಲ್ಲೇ ಒಂದು ದಿಗಿಲೂ ಇದೆ. ಅದರಲ್ಲಿ ಒಂದು ಬಳೆ ಒಡೆದರೆ ಇನ್ನೊಂದನ್ನು ತಂದು ಕೂರಿಸುವಂತಿಲ್ಲ. ಶಿಲ್ಪಿ ಒಂದು ಏಟು ತಪ್ಪಿದ್ದರೆ ಇಡೀ ಕೆಲಸ ಹೋಗುತ್ತಿತ್ತು. ಯಂತ್ರದ ವಿಷಯ ಹಾಗಲ್ಲ. ಬಿಚ್ಚಲಿಕ್ಕೆಂದೇ ಜೋಡಿಸಿದ ವಸ್ತು ಅದು, ಬೋಲ್ಟು ಇರುವುದೇ ಅದಕ್ಕೆ. ಮುರಿದದ್ದನ್ನು ತೆಗೆದು ಹೊಸದು ಹಾಕಬಹುದು. ತೆಗೆಯುವಾಗ ಮಾತ್ರ ಆ ಶಿಲ್ಪಿಯ ಕೈ ಬೇಕು.

ಬೆಳಗಿನ ಪ್ರಯತ್ನ

ಬೆಳಗ್ಗೆ ಮೋಟಿನ ಬುಡದಲ್ಲಿ ಕಂದು ಬಣ್ಣದ ಎಣ್ಣೆ ಜಿನುಗಿದೆ. ಅಂದರೆ ತುಕ್ಕಿನ ಪುಡಿ ಎಣ್ಣೆಯ ಜತೆ ಈಚೆ ಬರುತ್ತಿದೆ, ಒಳ್ಳೆಯ ಲಕ್ಷಣ. ಮೋಟು ಉದ್ದವಾಗಿದ್ದು ಥ್ರೆಡ್ ಚೆನ್ನಾಗಿದ್ದರೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಒತ್ತುವಂತೆ ಬಿಗಿದು, ಒಳಗಿನ ನಟ್ಟನ್ನು ಸ್ಪ್ಯಾನರಿನಿಂದ ಎಡಕ್ಕೆ ತಿರುಗಿಸಬಹುದು. ಇಲ್ಲಿ ಅಷ್ಟು ಉದ್ದವಿಲ್ಲ. ಕಚ್ಚಿ ಹಿಡಿಯುವ ಇಕ್ಕಳ, ಮೆಕ್ಯಾನಿಕ್ಕುಗಳು ವೈಸ್ ಗ್ರಿಪ್ ಎನ್ನುವುದು, ಅದೇ ಗತಿ.

ಇಲ್ಲಿ ಎಡಕ್ಕಷ್ಟೇ ಎಳೆಯುವುದು ದಡ್ಡತನ. ಕೂದಲೆಳೆಯಷ್ಟು ಬಲಕ್ಕೆ, ಮತ್ತೆ ಅಷ್ಟೇ ಎಡಕ್ಕೆ, ಮತ್ತೆ ಬಲಕ್ಕೆ. ತುಕ್ಕು ಪುಡಿಯಾಗಲು ಎಡೆ ಬೇಕು. ಎಂಜಿನ್ನನ್ನು ಮೊದಲೇ ಬೆಚ್ಚಗೆ ಮಾಡಿಕೊಂಡರೆ ಇನ್ನೂ ಅನುಕೂಲ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹೆಡ್ಡಿನ ತೂತು ಸ್ಟಡ್ಡಿನ ಹಿಡಿತವನ್ನು ಸ್ವಲ್ಪ ಸಡಿಲಿಸುತ್ತದೆ. ಆದರೆ ಮನೆಯಂಗಳದಲ್ಲಿ ಬೆಂಕಿ ಹಚ್ಚಿ ಕಾಯಿಸುವ ಸಾಹಸ ಖಂಡಿತ ಬೇಡ. ಒಂದು ಮೊಳ ದೂರದಲ್ಲೇ ಪೆಟ್ರೋಲ್ ಟ್ಯಾಂಕಿದೆ, ಕೆಳಗೆ ಡೀಸೆಲ್ಲು ಹನಿದಿದೆ.

ಇಕ್ಕಳ ಎರಡು ಸಲ ಜಾರುತ್ತದೆ, ಮೋಟು ಸವೆಯುತ್ತದೆ. ಮೂರನೆಯ ಸಲಕ್ಕೆ ಮಗ ಕೈ ಹಾಕುವ ಮೊದಲೇ ಅಪ್ಪ ಇಕ್ಕಳ ತೆಗೆದಿಡುತ್ತಾನೆ. ಹಿಡಿಯಲು ಇರುವುದು ಅಷ್ಟೇ ಮೋಟು. ಅದೂ ಸವೆದರೆ ಮುಂದಿನವರಿಗೆ ಹಿಡಿತ ಉಳಿಯುವುದಿಲ್ಲ. ಹಿಂದಿನ ಸಂಜೆ ಆತ ಹೇಳಲು ತಡಮಾಡಿದ ಮಾತು ಇದೇ: ಎಲ್ಲಿ ನಿಲ್ಲಿಸಬೇಕೆಂಬುದೂ ಕೆಲಸದ ಭಾಗ.

ಕೊಳ್ಳೇಗಾಲಕ್ಕೆ

ಬೈಕನ್ನು ಸಾಮಾನಿನ ಆಟೊಗೆ ಏರಿಸಿ ಕೊಳ್ಳೇಗಾಲಕ್ಕೆ ತರುತ್ತಾರೆ. ರೇಷ್ಮೆ ಸೀರೆಗೆ ಹೆಸರಾದ ಈ ಪೇಟೆಯಲ್ಲಿ ಮಗ್ಗದ ಸದ್ದಿನ ಜತೆಗೆ ಲೇತಿನ ಸದ್ದೂ ಇದೆ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಲಾರಿ ಇರುವಲ್ಲಿ ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ ಇರಲೇಬೇಕು.

“ಅಣ್ಣ, ಸ್ಟಡ್ಡು ಮುರುದೋಗದೆ” ಎನ್ನುತ್ತಾನೆ ಹುಡುಗ, ತಲೆ ತಗ್ಗಿಸಿ.

ವೆಲ್ಡಿಂಗಿನವನು ಬಗ್ಗಿ ನೋಡಿ ಮೊದಲು ಕೇಳುವುದು, “ಡ್ರಿಲ್ಲು ಹಾಕ್ಬುಟ್ರಾ?” ಇಲ್ಲವೆಂದ ಮೇಲೆ ಅವನ ಮುಖ ಸಡಿಲವಾಗುತ್ತದೆ. ಆತ ಟ್ಯಾಂಕು ಇಳಿಸಿ ದೂರ ಇಡುತ್ತಾನೆ, ಬ್ಯಾಟರಿಯ ತಂತಿ ಕಳಚುತ್ತಾನೆ, ಎಣ್ಣೆ ಒರೆಸುತ್ತಾನೆ. ಮೋಟಿನ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬುತ್ತಾನೆ. ಮೋಟಿಗೆ ಹೊಸ ತಲೆ ಬಂತು! ಅಲ್ಯೂಮಿನಿಯಂ ಉಕ್ಕಿನ ವೆಲ್ಡಿಂಗಿಗೆ ಅಂಟುವುದಿಲ್ಲ. ಅದೂ ಅಲ್ಲದೆ ಕೆಂಪಗೆ ಕಾದ ಸ್ಟಡ್ಡು ಆರುವಾಗ ಕುಗ್ಗಿ, ತುಕ್ಕಿನ ಹಿಡಿತ ತಾನೇ ಒಡೆಯುತ್ತದೆ. ಕೆಂಪು ಇಳಿಯುವವರೆಗೆ ಆತ ಬೀಡಿ ಹಚ್ಚಿ ಸುಮ್ಮನೆ ಕೂರುತ್ತಾನೆ. ಹುಡುಗನಿಗೆ ಆ ಎರಡು ನಿಮಿಷ ಎರಡು ಗಂಟೆಯಂತೆ. ಆಮೇಲೆ ಸ್ಪ್ಯಾನರು ಹಾಕಿ ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ. ಕಿರ್ ಎಂದು ಸಣ್ಣಗೆ ಕೂಗಿ ಸ್ಟಡ್ಡು ತಿರುಗುತ್ತದೆ.

ಮೋಟು ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ದಾರಿ ಕಷ್ಟವಿತ್ತು. ತುದಿಯನ್ನು ಅರದಿಂದ ಸಮ ಮಾಡಿ, ನಟ್ಟನಡುವೆ ಪಂಚಿನಿಂದ ಗುರುತು ಹಾಕಿ, ಮೊದಲು ಸಣ್ಣ ಬಿಟ್ಟಿನಿಂದ ನೆಟ್ಟಗೆ ಕೊರೆಯಬೇಕು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟಿದ್ದರೆ ಕೊರೆಯುವಾಗಲೇ ಎಷ್ಟೋ ಸಲ ಮೋಟು ಬಿಚ್ಚಿ ಬರುತ್ತದೆ. ಕೊರೆದ ತೂತಿಗೆ ಎಡ ಥ್ರೆಡ್ಡಿನ ಎಕ್ಸ್‌ಟ್ರ್ಯಾಕ್ಟರ್ ಹಾಕಿ ತಿರುಗಿಸುವುದೂ ಉಂಟು. ಆದರೆ ಅದು ಬಹಳ ಗಡಸು ಉಕ್ಕು. ಒಳಗೆ ಮುರಿದುಕೊಂಡರೆ ಸಾಮಾನ್ಯ ಡ್ರಿಲ್ಲು ಅದನ್ನು ಮುಟ್ಟಲಾರದು. ಎಲ್ಲವೂ ಕೈಕೊಟ್ಟರೆ ಸ್ಟಡ್ಡನ್ನೇ ಕೊರೆದು ತೆಗೆದು, ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ಡಿನ ಬುಶ್ ಕೂರಿಸಬೇಕು. ಕೊರೆಯುವ ಕೆಲಸ ಯಾವುದಾದರೂ ಕಣ್ಣಿಗೆ ಕನ್ನಡಕ ಕಡ್ಡಾಯ.

ವೆಲ್ಡಿಂಗಿನವನು ಹೆಡ್ಡಿನ ತೂತಿಗೆ ಟ್ಯಾಪ್ ಬಿಟ್ಟು ಥ್ರೆಡ್ ಶುಚಿ ಮಾಡುತ್ತಾನೆ. ಹೊಸ ಸ್ಟಡ್ಡಿಗೆ ಕಾವು ತಡೆಯುವ ತಾಮ್ರದ ಪೇಸ್ಟು ಸವರಿ, ಕೈಯಿಂದಲೇ ಮೊದಲ ಸುತ್ತುಗಳನ್ನು ಹತ್ತಿಸುತ್ತಾನೆ. ಸಾಮಾನ್ಯ ಗ್ರೀಸು ಇಲ್ಲಿನ ಕಾವಿಗೆ ಸುಟ್ಟುಹೋಗುತ್ತದೆ. ಕೊನೆಗೆ ನಟ್ಟು ಬಿಗಿಯಲು ಸ್ಪ್ಯಾನರನ್ನು ಹುಡುಗನ ಕೈಗೇ ಕೊಡುತ್ತಾನೆ. ಎರಡು ಬದಿಯನ್ನೂ ಸಮನಾಗಿ, ಸ್ವಲ್ಪ ಇದು, ಸ್ವಲ್ಪ ಅದು. ಹುಡುಗ ಇನ್ನೊಂದು ಸುತ್ತಿಗೆ ಕೈ ಹಾಕುವ ಮೊದಲು ತಾನೇ ನಿಲ್ಲುತ್ತಾನೆ. ಅಪ್ಪ ಏನೂ ಹೇಳುವುದಿಲ್ಲ.

ಮಧ್ಯಾಹ್ನದ ಸೊಪ್ಪಿಗೆ ಬೈಕು ತೋಟದ ಬದುವಿನಲ್ಲಿ ನಿಂತಿದೆ. ತಗಡಿನ ಡಬ್ಬದಲ್ಲಿ ಎರಡು ಹೊಸ ಸಾಮಾನು ಸೇರಿವೆ: ಒಂದು 10ರ ಸ್ಪ್ಯಾನರು, ಇನ್ನೊಂದು ನಟ್ಟಿನ ತಲೆ ಹೊತ್ತ ಆ ಮೋಟು ಸ್ಟಡ್ಡು. ಅದನ್ನು ಗುಜರಿಗೆ ಹಾಕಲು ಹುಡುಗ ಒಪ್ಪಿಲ್ಲ. ಕಬ್ಬಿಣದ ಪೈಪು ಮಾತ್ರ ಡಬ್ಬದ ಹತ್ತಿರ ಇಲ್ಲ. ಅವ್ವ ಅದನ್ನು ಹುಳುಮನೆಯ ಹಿಂದೆ, ಚಂದ್ರಿಕೆ ಒರಗಿಸಲು ನೆಟ್ಟಿದ್ದಾಳೆ. ಇನ್ನು ನಾಲ್ಕೈದು ದಿನಕ್ಕೆ ಹುಳು ಹಣ್ಣಾಗುತ್ತದೆ, ಆಗ ಅದು ಬೇಕು.